ಎಣ್ಣೆಗಿಂತ ಅರಿವೆ ಮೇಲು: ಬೀಡಿ ದಾರಿಯ ಸೈಕಲ್ ಚೈನಿಗೆ ಹದಿಮೂರು ಸೂತ್ರ

ಖಾನಾಪುರ ತಾಲೂಕಿನಲ್ಲಿ ಸೈಕಲ್ ಹೊಡೆಯುವವರಿಗೆ ಒಂದೇ ದಿನದಲ್ಲಿ ಎರಡು ನಾಡು ಸಿಗುತ್ತವೆ. ಪಡುವಣಕ್ಕೆ ಜಾಂಬೋಟಿ, ಕಣಕುಂಬಿ. ಮಲಪ್ರಭೆ ಹುಟ್ಟುವ ಆ ಕಾಡಿನಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸುಲಭಕ್ಕೆ ಬಿಡುವುದಿಲ್ಲ, ದಾರಿಯೆಲ್ಲ ಕೆಂಪು ರಾಡಿ. ಮೂಡಣಕ್ಕೆ ನಂದಗಡ, ಬೀಡಿ, ಕಕ್ಕೇರಿ. ಅಲ್ಲಿ ಭತ್ತದ ಗದ್ದೆ, ಕಬ್ಬು, ಕಬ್ಬಿನ ಟ್ರ್ಯಾಕ್ಟರ್ ಎಬ್ಬಿಸುವ ಧೂಳು. ಭಾನುವಾರ ಬೆಳಗಾವಿಯಿಂದ ಗೇರಿನ ಸೈಕಲ್ ಏರಿ ಬರುವವರೂ, ಸುತ್ತಲಿನ ಹಳ್ಳಿಗಳಿಂದ ಬೀಡಿಯ ಶಾಲೆಗೆ ಬರುವ ಮಕ್ಕಳೂ ತುಳಿಯುವುದು ಇದೇ ಮಣ್ಣನ್ನು. ಟೈರು, ಬ್ರೇಕು, ಸೀಟಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಚೈನಿನ ನೆನಪಾಗುವುದು ಅದು ತುಂಡಾದ ದಿನ.

ನನ್ನದು ತುಂಡಾದದ್ದು ಜಾಂಬೋಟಿ ದಾಟಿ ಕಣಕುಂಬಿ ಕಡೆಯ ಏರಿನಲ್ಲಿ, ಸುರಿಯುವ ಮಳೆಯಲ್ಲಿ. ಸೈಕಲ್ ದೂಡಿಕೊಂಡು ನಡೆಯುತ್ತ ಯೋಚಿಸಿದೆ. ಆ ಚೈನಿಗೆ ಎಣ್ಣೆ ಬಿಟ್ಟದ್ದಕ್ಕೆ ಲೆಕ್ಕವೇ ಇರಲಿಲ್ಲ. ಒರೆಸಿದ್ದು ಮಾತ್ರ ಒಂದು ಸಲವೂ ಇಲ್ಲ. ಕೆಳಗಿನ ಸೂತ್ರಗಳೆಲ್ಲ ಆ ನಡಿಗೆಯ ಗಳಿಕೆ.

1. "ಜಗ್ಗೇತಿ" ಅನ್ನಬೇಡಿ, "ಸವದೇತಿ" ಅನ್ನಿ

"ಚೈನ್ ಜಗ್ಗೇತಿ, ಎರಡು ಕೊಂಡಿ ತಗದು ಕೊಡ್ರಿ." ನಮ್ಮ ಕಡೆಯ ಸೈಕಲ್ ಅಂಗಡಿಗಳಲ್ಲಿ ಈ ಮಾತು ನಿತ್ಯ ಕೇಳುತ್ತದೆ. ಉಕ್ಕು ರಬ್ಬರಲ್ಲ, ತುಳಿದ ಮಾತ್ರಕ್ಕೆ ಜಗ್ಗುವುದಿಲ್ಲ. 116 ಕೊಂಡಿಯ ಗೇರ್ ಚೈನೊಂದನ್ನು ಬಿಚ್ಚಿ ಚಾಪೆಯ ಮೇಲೆ ಹರವಿದರೆ 116 ಪಿನ್ನು, 116 ರೋಲರು, 232 ಪ್ಲೇಟು, ಒಟ್ಟು 464 ತುಣುಕು ಸಿಗುತ್ತವೆ. ಸವೆತ ನಡೆಯುವುದು ಕಣ್ಣಿಗೆ ಕಾಣದ ಜಾಗದಲ್ಲಿ, ಪಿನ್ನು ಒಳಪ್ಲೇಟಿನ ತೂತಿನಲ್ಲಿ ಹೊರಳುವ ಕಡೆ. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಇದು ನೂರಕ್ಕೆ ಅರ್ಧ ಪಾಲು ಹೆಚ್ಚಾದರೆ ಹೊಸ ಕಾಲದ ಚೈನಿನ ಆಯಸ್ಸು ಮುಗಿದಂತೆ. ಆ ಅರ್ಧ ಪಾಲು ಎಷ್ಟು? 0.06 ಮಿಲಿಮೀಟರಿಗೆ ತುಸು ಹೆಚ್ಚು. ತಲೆಗೂದಲೊಂದರ ದಪ್ಪ! 116 ಕಡೆ ಒಂದೊಂದು ಕೂದಲಷ್ಟು ಸವೆದರೆ ಇಡೀ ಚೈನು 7 ಮಿಲಿಮೀಟರ್ ಉದ್ದವಾಗುತ್ತದೆ. ಎರಡು ಕೊಂಡಿ ತೆಗೆಸಿದರೆ ಚೈನು ಬಿಗಿಯಾದೀತು, ಉಳಿದ 114 ಕೊಂಡಿಗಳ ಸವೆತ ಇದ್ದಲ್ಲೇ ಇರುತ್ತದೆ.

2. ವೈರಿ ಯಾರೆಂದು ತಿಳಿದುಕೊಳ್ಳಿ

ಎಷ್ಟು ದೂರ ಹೊಡೆದಿರಿ ಎಂಬುದಕ್ಕಿಂತ ಯಾವ ಮಣ್ಣಿನಲ್ಲಿ ಹೊಡೆದಿರಿ ಎಂಬುದೇ ದೊಡ್ಡದು. ಖಾನಾಪುರದ ಕೆಮ್ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು. ಒಡವೆಗೆ ಹೊಳಪು ಕೊಡಲು ಉಜ್ಜುವ ಕೆಂಪು ಪುಡಿಯೂ ಅದೇ ಜಾತಿ. ಅದರ ಜೊತೆ ಬೆರೆತ ಬೆಣಚುಕಲ್ಲಿನ ಕಣವಂತೂ ಚೈನಿನ ಉಕ್ಕಿಗಿಂತ ಗಟ್ಟಿ. ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಾಲ್ವ್ ಗ್ರೈಂಡಿಂಗಿಗೆ ಹಚ್ಚುವ ಪೇಸ್ಟ್ ಅಂದರೆ ಇಷ್ಟೇ ತಾನೆ, ಗಟ್ಟಿ ಪುಡಿ ಮತ್ತು ಗ್ರೀಸು. ಎಣ್ಣೆ ಸುರಿಯುವ ಚೈನಿನ ಮೇಲೆ ಬೀಡಿ ರಸ್ತೆಯ ಧೂಳು ಕೂತರೆ ನೀವೇ ಆ ಪೇಸ್ಟ್ ತಯಾರಿಸಿ ನಿಮ್ಮದೇ ಚೈನಿಗೆ ಹಚ್ಚಿದಂತೆ.

ಕಿತ್ತೂರು ದಾಟಿ ಬೈಲಹೊಂಗಲದ ಕಡೆ ಹೋದರೆ ಎರೆಮಣ್ಣು. ಅದರ ಸ್ವಭಾವ ಬೇರೆ. ಉಜ್ಜುವುದಕ್ಕಿಂತ ಅಂಟುವುದು ಹೆಚ್ಚು. ಮಳೆ ಬಿದ್ದ ಮರುದಿನ ಹೊಲದ ದಾರಿಗೆ ಇಳಿದರೆ ಗೇರು ಬದಲಿಸುವ ಹಿಂದಿನ ಡಿರೇಲರಿನ ಎರಡು ಪುಟ್ಟ ಗಾಲಿಗಳ ನಡುವೆ ಹಿಟ್ಟಿನ ಮುದ್ದೆಯಂತೆ ಕೂತುಬಿಡುತ್ತದೆ. ಆಗ ಹಟಕ್ಕೆ ಬಿದ್ದು ತುಳಿದರೆ ಡಿರೇಲರ್ ತಿರುಚಿ ಸ್ಪೋಕಿಗೆ ಸಿಕ್ಕಿಕೊಳ್ಳುತ್ತದೆ. ಇಳಿದು, ಒಂದು ಕಡ್ಡಿ ಮುರಿದುಕೊಂಡು ಕೆರೆದು ತೆಗೆಯಿರಿ.

3. ಒಳಗೆ ಎಣ್ಣೆ, ಹೊರಗೆ ಒಣ

ಈ ಒಂದು ಸೂತ್ರ ಪಾಲಿಸಿದವರು ಉಳಿದವನ್ನು ಮರೆತರೂ ನಡೆಯುತ್ತದೆ. ಎಣ್ಣೆ ಬೇಕಾದದ್ದು ಪಿನ್ನಿಗೆ ಮತ್ತು ರೋಲರಿನ ಒಳಮೈಗೆ. ಪ್ಲೇಟಿನ ಹೊರಮೈಗೆ ಎಣ್ಣೆಯ ಕೆಲಸ ಬಹಳ ಕಡಿಮೆ. ಅಲ್ಲಿ ಕೂತ ಎಣ್ಣೆ ಧೂಳನ್ನು ಕರೆದು ಕೂರಿಸುತ್ತದೆ ಅಷ್ಟೆ.

ಮೊದಲು ಚೈನು ಒರೆಸಿ. ಪೆಡಲನ್ನು ಹಿಂದಕ್ಕೆ ನಿಧಾನವಾಗಿ ತಿರುಗಿಸುತ್ತ ಕೆಳಸಾಲಿನ ಒಳಬದಿಗೆ ಒಂದು ರೋಲರಿಗೆ ಒಂದೇ ಹನಿ ಬಿಡಿ. ಚೈನಿನ ಎರಡು ತುದಿ ಕೂಡಿಸುವ ಲಾಕ್ ಇರುವ ಕೊಂಡಿಯಿಂದ ಶುರು ಮಾಡಿದರೆ ಒಂದು ಸುತ್ತು ಮುಗಿದದ್ದು ತಾನೇ ಗೊತ್ತಾಗುತ್ತದೆ. ಆಮೇಲೆ ಇಪ್ಪತ್ತು ಸುತ್ತು ಪೆಡಲ್ ತಿರುಗಿಸಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಎದ್ದು ಹಳೇ ಅರಿವೆಯಲ್ಲಿ ಚೈನನ್ನು ಹಿಡಿದು, ಪೆಡಲ್ ಹಿಂದಕ್ಕೆ ತಿರುಗಿಸುತ್ತ ಗಟ್ಟಿಯಾಗಿ ಒರೆಸಿ. "ಹಾಕಿದ ಎಣ್ಣಿ ಎಲ್ಲಾ ಒರೆಸಿ ತಗದ್ರ ಹಾಕೂದ್ಯಾಕ?" ಎಂದು ಮನೆಯಲ್ಲಿ ಕೇಳುತ್ತಾರೆ. ಒಳಗೆ ಹೋಗಬೇಕಾದದ್ದು ರಾತ್ರಿಯೇ ಹೋಗಿದೆ. ಬೆರಳಿನಿಂದ ಮುಟ್ಟಿದರೆ ಕಪ್ಪು ಹತ್ತಬಾರದು, ಅಲ್ಲಿಯವರೆಗೆ ಒರೆಸಿ.

ಹೊಸ ಚೈನಿಗೂ ಇದೇ ಮಾತು. ಕಾರ್ಖಾನೆಯಲ್ಲಿ ಹಾಕಿದ ಅಂಟು ಗ್ರೀಸು ಒಳಗೆ ಇರಲಿ, ಪೆಟ್ರೋಲಿನಲ್ಲಿ ತೊಳೆಯುವ ಉತ್ಸಾಹ ಬೇಡ. ಹೊರಮೈಯನ್ನು ಮಾತ್ರ ಒರೆಸಿ.

4. ದಿನಕ್ಕೊಂದು ನಿಮಿಷ, ಹಳೇ ಬನಿಯನ್

ಮನೆಗೆ ಬಂದ ಕೂಡಲೇ, ನೀರು ಕುಡಿಯುವ ಮುಂಚೆ, ಒಂದು ನಿಮಿಷ ಚೈನು ಒರೆಸಿ. ಸೈಕಲ್ ಇಡುವ ಕಡೆಯೇ ಒಂದು ಮೊಳೆ ಹೊಡೆದು ಬನಿಯನ್ ತೂಗುಹಾಕಿ. ಹುಡುಕಬೇಕಾಗಿ ಬಂದರೆ ಒರೆಸುವುದಿಲ್ಲ, ನನಗೆ ಗೊತ್ತು.

5. ಅಡುಗೆಮನೆ, ಗ್ಯಾರೇಜು ಎರಡರಿಂದಲೂ ಎಣ್ಣೆ ತರಬೇಡಿ

ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಆಯಿಲ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಎಂಜಿನ್ ಸವೆದ ಲೋಹದ ಪುಡಿಯೂ ಮಸಿಯೂ ಪುಕ್ಕಟೆ ಬರುತ್ತವೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುವ ಪದಾರ್ಥ. ಡಿಸೆಂಬರ್ ಬೆಳಗಿನ ಬೆಳಗಾವಿ ಚಳಿಯಲ್ಲಿ ತಲೆಗೆ ಹಚ್ಚುವ ಬಾಟಲಿಯೇ ಕಲ್ಲಾಗಿರುವಾಗ ಚೈನಿನಲ್ಲಿ ಏನಾಗಿರುತ್ತದೆ ಎಂದು ಊಹಿಸಿ. ಶೇಂಗಾ ಎಣ್ಣೆ ಬರಬರುತ್ತ ಜಿಗುಟು ಅಂಟಾಗುತ್ತದೆ. ಗ್ರೀಸು ದಪ್ಪ, ಮೇಲಿಂದ ಹಚ್ಚಿದರೆ ಪಿನ್ನಿನವರೆಗೆ ಇಳಿಯುವುದೇ ಇಲ್ಲ.

ಇನ್ನು ಡಬ್ಲ್ಯೂಡಿ-40. ಅದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ್ದು ನೀರನ್ನು ಹೊರದಬ್ಬುವುದಕ್ಕಾಗಿ. ನಲವತ್ತನೇ ಪ್ರಯತ್ನದಲ್ಲಿ ಸೂತ್ರ ಕೂಡಿಬಂತು, ಅದಕ್ಕೇ ಆ ಹೆಸರು. ಮಳೆಯಲ್ಲಿ ನೆಂದ ಚೈನಿನ ನೀರು ಓಡಿಸಲು ಅದು ಸೈ. ಆ ನೀಲಿ ಡಬ್ಬಿಯನ್ನೇ ಎಣ್ಣೆಯೆಂದು ನಂಬಿ ಏರು ಹತ್ತಿದರೆ ಮಾತ್ರ ಚೈನು ಇಲಿಯಂತೆ ಕಿಚಗುಡುತ್ತದೆ.

ಸೈಕಲ್ ಚೈನಿಗೆಂದೇ ಮಾಡಿದ ಎಣ್ಣೆಯ ಒಂದು ಪುಟ್ಟ ಬಾಟಲಿ, ಹನಿ ಲೆಕ್ಕದಲ್ಲಿ ಬಳಸಿದರೆ, ತಿಂಗಳುಗಟ್ಟಲೆ ಬರುತ್ತದೆ. ಮಳೆಗಾಲಕ್ಕೆ "ವೆಟ್" ಎಂದು ಬರೆದದ್ದು, ಬೇಸಿಗೆಗೆ "ಡ್ರೈ" ಎಂದು ಬರೆದದ್ದು. ಅದೂ ಕೈಗೆ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ತಾತ್ಕಾಲಿಕವಾಗಿ ನಡೆದೀತು. ಬೇಗ ಆರಿಹೋಗುತ್ತದೆ, ಮತ್ತೆ ಮತ್ತೆ ಬಿಡಬೇಕು.

6. ಜನವರಿಯಿಂದ ಮೇವರೆಗೆ ಮೇಣ

ತಾಳ್ಮೆ ಇದ್ದವರಿಗೆ ಇದು. ಪ್ಯಾರಾಫಿನ್ ಮೇಣವನ್ನು ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬೇಕು. ನೇರ ಉರಿಯ ಮೇಲೆ ಇಟ್ಟರೆ ಹೊತ್ತಿಕೊಳ್ಳುವ ಅಪಾಯವಿದೆ. ಚೈನಿನಲ್ಲಿ ಒಂದು ತೊಟ್ಟು ಎಣ್ಣೆಯೂ ಉಳಿಯದಂತೆ ತೊಳೆದು, ಪೂರ್ತಿ ಒಣಗಿಸಿ, ಬಿಸಿ ಮೇಣದಲ್ಲಿ ಅದ್ದಿ, ಅಲುಗಾಡಿಸಿ, ಗುಳ್ಳೆ ಬರುವುದು ನಿಂತ ಮೇಲೆ ತೆಗೆದು ತೂಗುಹಾಕಿ. ಆರಿದಾಗ ಚೈನು ಕೋಲಿನಂತೆ ಸೆಟೆದಿರುತ್ತದೆ, ಗಾಬರಿ ಬೇಡ. ಒಂದೊಂದೇ ಕೊಂಡಿ ಬಗ್ಗಿಸಿ ಸಡಿಲಿಸಿ ಸೈಕಲ್ಲಿಗೆ ಹಾಕಿ. ಎಣ್ಣೆಗೆ ಹತ್ತುವಂತೆ ಒಣ ಮೇಣಕ್ಕೆ ಧೂಳು ಹತ್ತುವುದಿಲ್ಲ. ಕಬ್ಬಿನ ಸುಗ್ಗಿಯ ಹೊತ್ತಿನ ಬೀಡಿ ರಸ್ತೆಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಮಿರಗದ ಮಳೆ ಬಿತ್ತೋ, ಮೇಣದ ಆಟ ಮುಗಿಯಿತು. ನೀರು ಒಳಹೊಕ್ಕು ಬೇಗ ತುಕ್ಕು ಹಿಡಿಯುತ್ತದೆ, ಎಣ್ಣೆಗೆ ಮರಳಿ.

7. ಸರ್ವಿಸಿಂಗ್ ಪಂಪಿಗೆ ಸೈಕಲ್ ಒಡ್ಡಬೇಡಿ

ಮೋಟರ್‌ಸೈಕಲ್ ತೊಳೆಯುವ ಪಂಪಿನ ರಭಸ ಹೊರಗಿನ ಮಣ್ಣನ್ನು ಒಳಗೆ ತಳ್ಳುತ್ತದೆ, ಒಳಗಿನ ಎಣ್ಣೆಯನ್ನು ಹೊರಗೆ ತೆಗೆಯುತ್ತದೆ. ಎರಡೂ ಉಲ್ಟಾ ಕೆಲಸ. ಗಾಲಿಯ ಹಬ್ಬಿನ ಬೇರಿಂಗಿಗೂ ಕೇಡು. ಒಂದು ಬಕೆಟ್ ನೀರು, ಚಂಬು, ಪಾತ್ರೆ ತೊಳೆಯುವ ಸಾಬೂನು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಜಿಡ್ಡು ಕರೀ ಅಂಟಾಗಿದ್ದರೆ ಮೊದಲು ಡೀಸೆಲ್‌ನಲ್ಲಿ ಉಜ್ಜಿ, ಆಮೇಲೆ ಸಾಬೂನು ನೀರು. ಆ ಡೀಸೆಲನ್ನು ಗಟಾರಕ್ಕೆ ಚೆಲ್ಲಬೇಡಿ. ಡಬ್ಬಿಯಲ್ಲಿಟ್ಟರೆ ಕೆಸರು ತಳಕ್ಕೆ ಕೂತು ಮೇಲಿನದು ಮತ್ತೊಮ್ಮೆ ಬಳಕೆಗೆ ಬರುತ್ತದೆ.

ತೊಳೆಯುವುದಕ್ಕಿಂತ ಒಣಗಿಸುವುದು ಮುಖ್ಯ. ಜುಲೈ ತಿಂಗಳಲ್ಲಿ ಖಾನಾಪುರದ ಪಡುವಣದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಚೈನು ತಾನಾಗಿ ಒಣಗುತ್ತದೆಯೇ? ಅರಿವೆಯಲ್ಲಿ ಒರೆಸಿ, ಒಲೆಯ ಕಾವು ತಾಗುವ ಮೂಲೆಯಲ್ಲಿ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಹನಿ ಎಣ್ಣೆ. ಒಂದೇ ರಾತ್ರಿ ಒದ್ದೆ ಬಿಟ್ಟರೆ ಬೆಳಗ್ಗೆ ಕಿತ್ತಳೆ ಬಣ್ಣ ಹೂ ಬಿಟ್ಟಿರುತ್ತದೆ.

8. ಉಕ್ಕಿನ ಸ್ಕೇಲಿಗೆ ಕೇಳಿ

ಚೈನು ಹೋಯಿತೋ ಇದೆಯೋ ಎಂದು ಅಂದಾಜು ಮಾಡಬೇಡಿ, ಅಳೆಯಿರಿ. 12 ಇಂಚು ದಾಟಿ ತುಸು ಉದ್ದವಿರುವ ಉಕ್ಕಿನ ಸ್ಕೇಲು ಬೇಕು. ಟೇಲರ್ ಟೇಪು ತಾನೇ ಜಗ್ಗುತ್ತದೆ, ಅದು ಸಾಕ್ಷಿಗೆ ನಿಲ್ಲದು. ಪೆಡಲಿನ ಮೇಲೆ ಸ್ವಲ್ಪ ಭಾರ ಕೊಟ್ಟು ಮೇಲಿನ ಸಾಲನ್ನು ಬಿಗಿ ಮಾಡಿ. ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟು 24 ಕೊಂಡಿ ಎಣಿಸಿ. ಹೊಸ ಚೈನಿನಲ್ಲಿ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ. ಅಲ್ಲಿಂದ ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಸರಿದಿದ್ದರೆ ನೂರಕ್ಕೆ ಸುಮಾರು 0.5 ಸವೆತ. ಎಂಟನೇ ಒಂದು ಭಾಗ ಸರಿದಿದ್ದರೆ ನೂರಕ್ಕೆ 1.

11 ಮತ್ತು 12 ಗೇರಿನ ಸೈಕಲ್ಲಿಗೆ 0.5 ಕಂಡ ಕೂಡಲೇ ಹೊಸ ಚೈನು. 8ರಿಂದ 10 ಗೇರಿನದಕ್ಕೆ 0.75. ಗೇರಿಲ್ಲದ ಸೈಕಲ್ 1ರವರೆಗೆ ತಾಳುತ್ತದೆ. ತಿಂಗಳಿಗೊಮ್ಮೆ ಅಳೆದರೆ ಸಾಕು, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ.

9. ಚೈನು ಕೊಟ್ಟು ಕ್ಯಾಸೆಟ್ ಉಳಿಸಿ

ಸವೆದ ಚೈನು ತಾನೊಂದೇ ಸಾಯುವುದಿಲ್ಲ. ಉದ್ದವಾದ ಕೊಂಡಿ ಹಲ್ಲಿನ ಬುಡದಲ್ಲಿ ಕೂರದೆ ಮೇಲೇರಿ, ಹಲ್ಲನ್ನು ಕೊಕ್ಕೆಯ ಆಕಾರಕ್ಕೆ ತಿನ್ನುತ್ತದೆ. ಆಮೇಲೆ ಹೊಸ ಚೈನು ಹಾಕಿದರೂ ಹಳೇ ಹಲ್ಲಿನ ಮೇಲೆ ಅದು ಕೂರುವುದಿಲ್ಲ, ಏರಿನಲ್ಲಿ ಎದ್ದು ನಿಂತು ತುಳಿದಾಗ ಟಕ್ಕನೆ ಜಾರುತ್ತದೆ. ಮೊಣಕಾಲು ಹ್ಯಾಂಡಲ್ಲಿಗೆ ಬಡಿದವರಿಗೆ ಆ ಟಕ್ ಶಬ್ದ ಚೆನ್ನಾಗಿ ಗೊತ್ತು. ಮೌಂಟೇನ್ ಬೈಕಿನ ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಸಾಮಾನ್ಯವಾಗಿ ಚೈನಿಗಿಂತ ಎಷ್ಟೋ ದುಬಾರಿ. ಹೊತ್ತಿಗೆ ಸರಿಯಾಗಿ ಚೈನು ಬದಲಿಸಿದರೆ ಒಂದೇ ಕ್ಯಾಸೆಟ್ ಎರಡು ಮೂರು ಚೈನಿನ ಬಾಳು ಬಾಳುತ್ತದೆ. ಚೈನಿನ ದುಡ್ಡು ಉಳಿಸಿದೆನೆಂದು ಹಿಗ್ಗಿದ ಗೆಳೆಯನೊಬ್ಬ ಕೊನೆಗೆ ಕ್ಯಾಸೆಟ್, ಮುಂದಿನ ಚೈನ್‌ವೀಲ್, ಚೈನು ಮೂರನ್ನೂ ಒಟ್ಟಿಗೆ ಕೊಂಡ.

10. ಏರು ಶುರುವಾಗುವ ಮುಂಚೆ ಗೇರು ಇಳಿಸಿ

ಯಳ್ಳೂರಿನ ರಾಜಹಂಸಗಡದ ಏರಿಗೆ ಹೋದವರು ನೆನಪು ಮಾಡಿಕೊಳ್ಳಿ. ಅರ್ಧ ಹತ್ತಿ, ಉಸಿರು ಕಟ್ಟಿ, ಪೆಡಲ್ ಮೇಲೆ ನಿಂತು ಗೇರು ಒತ್ತಿದಾಗ ಬರುವ ಕಟಕಟ ಸದ್ದು ಪ್ಲೇಟಿನ ಅಂಚು ಹಲ್ಲಿಗೆ ಬಡಿದು ಬಾಯಿ ಬಿಡುವ ಸದ್ದು. ನನ್ನ ಚೈನು ಕಣಕುಂಬಿ ಏರಿನಲ್ಲಿ ಹೋದದ್ದು ಹೀಗೆಯೇ. ಸಮ ದಾರಿಯಲ್ಲೇ ಇಳಿಸಿ. ಮರೆತರೆ, ಒತ್ತುವ ಕ್ಷಣಕ್ಕೆ ಅರ್ಧ ಸುತ್ತು ಕಾಲಿನ ಭಾರ ಕಡಿಮೆ ಮಾಡಿ.

ಮುಂದೆ ದೊಡ್ಡ ಹಲ್ಲು ಹಿಂದೆಯೂ ದೊಡ್ಡ ಹಲ್ಲು, ಅಥವಾ ಎರಡೂ ಕಡೆ ಚಿಕ್ಕದು ಹಾಕಿದರೆ ಚೈನು ಓರೆಯಾಗಿ ಓಡುತ್ತದೆ. ಅದು ಬೇಡ. ಇಲ್ಲಿ ಒಂದು ಸ್ವಾರಸ್ಯದ ಸಂಗತಿ. 1999ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಪೈಸರ್ ಮತ್ತು ಸಂಗಡಿಗರು ಸೈಕಲ್ ಚೈನನ್ನು ಪ್ರಯೋಗಾಲಯದಲ್ಲಿ ಓಡಿಸಿ, ತುಳಿದ ಶಕ್ತಿಯಲ್ಲಿ ನೂರಕ್ಕೆ 98.6ರವರೆಗೆ ಗಾಲಿಗೆ ತಲುಪುತ್ತದೆ ಎಂದು ಅಳೆದರು. ದೊಡ್ಡ ಹಲ್ಲುಚಕ್ರದ ಮೇಲೆ ನಷ್ಟ ಕಡಿಮೆ, ಏಕೆಂದರೆ ಕೊಂಡಿ ಅಷ್ಟಾಗಿ ಬಾಗಬೇಕಿಲ್ಲ. ಅವರನ್ನೂ ಬೆರಗುಗೊಳಿಸಿದ ಮಾತು ಇನ್ನೊಂದು. ಪ್ರಯೋಗಾಲಯದ ಶುಚಿಯಲ್ಲಿ ಎಣ್ಣೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಧೂಳಿರಲಿಲ್ಲ ನೋಡಿ. ವೇಗ ಬೇಕೆಂದು ಬಂಗಾರದ ಬಣ್ಣದ ಚೈನು ಕೊಳ್ಳುವವರು ಇದನ್ನು ಎರಡು ಸಲ ಓದಲಿ.

11. ಅಗಲ ನೋಡಿ ಕೊಳ್ಳಿ, ಲಾಕ್ ಜೇಬಿನಲ್ಲಿರಲಿ

ಅರ್ಧ ಇಂಚಿನ ಅಂತರ ಎಲ್ಲ ಚೈನಿಗೂ ಒಂದೇ, ಅಗಲ ಬೇರೆ. 8 ಗೇರಿನ ಚೈನಿನ ಹೊರ ಅಗಲ ಸುಮಾರು 7 ಮಿಲಿಮೀಟರ್, 10 ಗೇರಿನದು ಸುಮಾರು 6, 12 ಗೇರಿನದು 5ರ ಆಸುಪಾಸು. ಗೇರು ಹೆಚ್ಚಾದಂತೆ ಚೈನು ತೆಳ್ಳಗೆ. ಅಂಗಡಿಯಲ್ಲಿ "ಗೇರ್ ಸೈಕಲ್ ಚೈನ್ ಕೊಡ್ರಿ" ಎಂದರೆ ಸಾಲದು, ಹಿಂದಿನ ಹಲ್ಲುಚಕ್ರಗಳನ್ನು ಎಣಿಸಿಕೊಂಡು ಹೋಗಿ. ಉದ್ದಕ್ಕೆ ಹಳೇ ಚೈನಿನ ಕೊಂಡಿ ಎಣಿಸಿ, ಸ್ಕೇಲಿನಿಂದ ಅಳೆಯಬೇಡಿ. ಅದು ಸವೆದು ಉದ್ದವಾಗಿದೆ ಎಂದೇ ಅಲ್ಲವೇ ಹೊಸದು ಕೊಂಡದ್ದು?

ತೆಳ್ಳನೆಯ ಚೈನಿನಲ್ಲಿ ಒಮ್ಮೆ ಹೊರತಳ್ಳಿದ ಪಿನ್ನನ್ನು ಮತ್ತೆ ಒಳಗೆ ಒತ್ತಬೇಡಿ, ತುಂಡಾಗುವುದು ಅಲ್ಲಿಯೇ. ಜೋಡಿ ಲಾಕ್ ಬಳಸಿ. 10 ಗೇರಿನಿಂದ ಮೇಲಿನ ಎಷ್ಟೋ ಲಾಕುಗಳು ಒಂದೇ ಸಲ ಹಾಕುವಂಥವು, ಪ್ಯಾಕೆಟ್ ಓದಿ. ಜಾಂಬೋಟಿಯಿಂದ ಚೋರ್ಲಾ ಘಾಟಿನವರೆಗೆ ನಿಮ್ಮ ಅಳತೆಯ ಲಾಕ್ ಸಿಕ್ಕೀತೆಂದು ನಂಬಿ ಹೊರಡಬೇಡಿ. ಬಿಡಿ ಲಾಕ್ ಒಂದು, ಪುಟ್ಟ ಚೈನ್ ಕಟರ್ ಒಂದು, ಎರಡೂ ಸೇರಿ ಮುಷ್ಟಿಯಲ್ಲಿ ಹಿಡಿಯುತ್ತವೆ.

12. ಶಾಲೆಯ ಸೈಕಲ್ಲಿಗೂ ಇದೇ ನ್ಯಾಯ

ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರು ಮಾಡಿದ್ದು 2006-07ರಲ್ಲಿ. ಅಂಥ ಸೈಕಲ್ಲುಗಳು ನಮ್ಮ ಹಳ್ಳಿಗಳ ಅಂಗಳದಲ್ಲಿ ಅಣ್ಣನಿಂದ ತಂಗಿಗೆ, ತಂಗಿಯಿಂದ ಅಪ್ಪನಿಗೆ ದಾಟುತ್ತ ಓಡುತ್ತಿವೆ. 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ ರೂಪಿಸಿದ ರೋಲರ್ ಚೈನಿನ ವಂಶವೇ ಇದರಲ್ಲೂ ಇರುವುದು, ಲಕ್ಷ ರೂಪಾಯಿಯ ಮೌಂಟೇನ್ ಬೈಕಿನಲ್ಲೂ ಇರುವುದು. ಇಲ್ಲಿ ಡಿರೇಲರ್ ಇಲ್ಲವಾದ್ದರಿಂದ ಬಿಗಿ ನಾವೇ ನೋಡಿಕೊಳ್ಳಬೇಕು. ಕೆಳಸಾಲಿನ ನಡುಮಧ್ಯೆ ಬೆರಳಿನಿಂದ ಎತ್ತಿದರೆ ಸುಮಾರು ಅರ್ಧ ಇಂಚು ಆಡಬೇಕು. ತೀರಾ ಬಿಗಿಯಾದರೆ ಬೇರಿಂಗ್ ತಿನ್ನುತ್ತದೆ, ತೀರಾ ಸಡಿಲಾದರೆ ಇಳಿಜಾರಿನಲ್ಲಿ ಬಿದ್ದು ಲಂಗ, ಪ್ಯಾಂಟು ಹಿಡಿಯುತ್ತದೆ. ಹಿಂದಿನ ಗಾಲಿಯ ಎರಡೂ ನಟ್ಟು ಸಡಿಲಿಸಿ, ಗಾಲಿ ಎಳೆದು, ನಡುವಿಗೆ ಬಂದಿದೆಯೇ ನೋಡಿ ಬಿಗಿ ಮಾಡಿ. ಪೆಡಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ, ಒಂದು ಕಡೆ ಬಿಗಿ ಒಂದು ಕಡೆ ಸಡಿಲ ಇರುವುದು ಸಾಮಾನ್ಯ. ಬಿಗಿಯಾದ ಕಡೆಯನ್ನು ಲೆಕ್ಕಕ್ಕೆ ಹಿಡಿಯಿರಿ.

ಈ ಚೈನಿನ ಲಾಕ್ ಮೀನಿನ ಆಕಾರದ ತಗಡಿನದು. ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು, ಸೀಳಿದ ಬಾಲ ಹಿಂದಕ್ಕೆ. ತಿರುವುಮುರುವಾದರೆ ಎಲ್ಲೋ ತಾಗಿ ಕಳಚಿ ಹೋಗುತ್ತದೆ. ಇನ್ನು ಚೈನ್ ಕವರ್ ಸದ್ದು ಮಾಡುತ್ತದೆಂದು ಕಿತ್ತು ಎಸೆಯುವವರಿದ್ದಾರೆ. ದುಬಾರಿ ಸೈಕಲ್ಲಿಗೂ ಇಲ್ಲದ ಭಾಗ್ಯ ಅದು! ಎರಡು ಸ್ಕ್ರೂ ಬಿಗಿ ಮಾಡಿದರೆ ಸದ್ದು ನಿಲ್ಲುತ್ತದೆ.

13. ಸವೆದ ಚೈನು ಗುಜರಿಗೆ ಹಾಕಬೇಡಿ

ಒಂದು ಗೇಣು ಚೈನನ್ನು ಕತ್ತರಿಸಿ, ಒಂದೂವರೆ ಗೇಣಿನ ಕಬ್ಬಿಣದ ಪಟ್ಟಿಯ ತುದಿಗೆ ನಟ್ಟು ಬೋಲ್ಟು ಹಾಕಿ ಬಿಗಿಯಿರಿ. ಅದನ್ನು ಹಿಂದಿನ ಹಲ್ಲಿಗೆ ಸುತ್ತಿ ಹಿಡಿದರೆ ಕ್ಯಾಸೆಟ್ ತಿರುಗದಂತೆ ನಿಲ್ಲುತ್ತದೆ, ಇನ್ನೊಂದು ಕೈಯಿಂದ ಅದರ ಲಾಕ್ ರಿಂಗ್ ಬಿಚ್ಚಬಹುದು. ಅಂಗಡಿಯಲ್ಲಿ ಈ ಪಾನಾ ದುಡ್ಡು ಕೊಟ್ಟು ಕೊಳ್ಳಬೇಕು. ಕಣಕುಂಬಿ ಏರಿನಲ್ಲಿ ಕೈಕೊಟ್ಟ ನನ್ನ ಚೈನು ಈಗ ಆ ಕೆಲಸದಲ್ಲಿದೆ, ಬನಿಯನ್ ತೂಗುವ ಮೊಳೆಯ ಪಕ್ಕದ ಮೊಳೆಯಲ್ಲಿ.